ಎರಡು ಎಂ.ಎ., ಒಂದು ಕುರ್ಚಿ: ಕೊಡಗಿನಿಂದ ಕಾಲೇಜು ಅಧ್ಯಾಪನಕ್ಕೆ ಹೊರಟವರಿಗೆ

ಕಕ್ಕಡ ತಿಂಗಳ ಮಳೆ ಹಿಡಿದರೆ ಬಿಡುವುದಿಲ್ಲ. ಅಂಥದೊಂದು ಮಧ್ಯಾಹ್ನ ನಾಪೋಕ್ಲು ಕಡೆಯ ಹುಡುಗಿಯೊಬ್ಬಳು ನಮ್ಮ ಜಗಲಿಯಲ್ಲಿ ಕೊಡೆ ಮಡಚಿಟ್ಟು, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ತಂದಿದ್ದ ಫೈಲನ್ನು ಬಿಚ್ಚಿದಳು. ಎಂ.ಕಾಂ. ಮುಗಿದಿದೆ, ಶೇ 61 ಅಂಕ. “ಸರ್, ಅರ್ಥಶಾಸ್ತ್ರದಲ್ಲೂ ಒಂದು ಎಂ.ಎ. ಮಾಡಿಕೊಂಡರೆ ಕಾಲೇಜಿನಲ್ಲಿ ಕೆಲಸ ಬೇಗ ಸಿಗುತ್ತದೆಯೇ?” ಎಂದು ಕೇಳಿದಳು.

ಈ ಪ್ರಶ್ನೆ ಹೊತ್ತು ವರ್ಷಕ್ಕೆ ನಾಲ್ಕೈದು ಮಂದಿ ಬರುತ್ತಾರೆ. ಇತಿಹಾಸ, ಕನ್ನಡ ಎರಡರಲ್ಲೂ ಎಂ.ಎ. ಮಾಡಿದವನು ನಾನು; ಹಾಗಾಗಿ ‘ಧಾರಾಳವಾಗಿ ಮಾಡಿ’ ಎಂಬ ಉತ್ತರವನ್ನೇ ನಿರೀಕ್ಷಿಸುತ್ತಾರೆ. ಎರಡನೆಯದನ್ನು ಓದುವ ಆಸೆಯಿಂದ ಮಾಡಿದೆ ಎಂದು ನಾನೂ ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ. ನಿಜ ಬೇರೆ. ಕಾಲೇಜು ಅಧ್ಯಾಪಕರಾಗಲು ಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಮೂರು ಸಲ ಸೋತಿದ್ದೆ. ಮನೆಯಲ್ಲಿ ‘ಏನೋ ಓದುತ್ತಿದ್ದಾನೆ’ ಅನ್ನಿಸಿಕೊಳ್ಳಲು ಒಂದು ನೆಪ ಬೇಕಿತ್ತು. ಆ ನೆಪಕ್ಕೆ ಎರಡು ವರ್ಷ ಕೊಟ್ಟೆ. ಕನ್ನಡ ಎಂ.ಎ. ಆಮೇಲೆ ಬೇರೆ ರೀತಿಯಲ್ಲಿ ಕೈ ಹಿಡಿಯಿತು, ಆ ಮಾತು ಬೇರೆ. ಆದರೆ ಆಗ ಯಾರಾದರೂ ಕೆಳಗಿನ ಸಂಗತಿಗಳನ್ನು ಹಂತ ಹಂತವಾಗಿ ಹೇಳಿದ್ದರೆ ನನ್ನ ದಾರಿ ಹತ್ತಿರವಾಗುತ್ತಿತ್ತು.

ಮೊದಲ ಹೆಜ್ಜೆ: ಯಾವ ಕಾಲೇಜು?

ನಮ್ಮಲ್ಲಿ ಪದವಿಪೂರ್ವವೂ ಕಾಲೇಜೇ, ಪ್ರಥಮ ದರ್ಜೆಯೂ ಕಾಲೇಜೇ. ಎರಡರ ಬಾಗಿಲಿಗೂ ಬೇರೆ ಬೇರೆ ಬೀಗ. ಸರ್ಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯ ಜೊತೆ ಬಿ.ಇಡಿ. ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇಡಿ. ಬೇಕಿಲ್ಲ, ಸ್ನಾತಕೋತ್ತರದಲ್ಲಿ ಶೇ 55 ಅಂಕ (ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 50) ಮತ್ತು ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳಿಗೆ ಅನುಗುಣವಾಗಿ ಪಿಎಚ್.ಡಿ. ಪಡೆದವರಿಗೆ ನೆಟ್‌ನಿಂದ ವಿನಾಯಿತಿಯಿದೆ. ವಿಶ್ವವಿದ್ಯಾಲಯದ ವಿಭಾಗಗಳಿಗೆ ಪಿಎಚ್.ಡಿ. ಕಡ್ಡಾಯ ಎಂದು ಒಮ್ಮೆ ಹೇಳಿದ್ದನ್ನೂ 2023ರ ಜುಲೈನಲ್ಲಿ ಯುಜಿಸಿ ಕೈಬಿಟ್ಟಿತು.

ಹೀಗಾಗಿ ‘ಎರಡನೇ ಪದವಿ’ ಎಂಬ ಮಾತು ಬಂದಾಗ ನಾನು ಮೊದಲು ಕೇಳುವುದು ಬಿ.ಇಡಿ. ಬಗ್ಗೆ. ಪದವಿಪೂರ್ವ ಕಾಲೇಜಾದರೂ ಸಾಕು, ಊರು ಬಿಟ್ಟು ಹೋಗಲಾರೆ ಎನ್ನುವವರಿಗೆ ಎರಡನೇ ಎಂ.ಎ.ಗಿಂತ ಎರಡು ವರ್ಷದ ಬಿ.ಇಡಿ.ಯೇ ಲೇಸು. ಅದರಲ್ಲಿ ಹಾಜರಾತಿ ಬಿಗಿ, ಶಾಲೆಗೆ ಹೋಗಿ ಪಾಠ ಮಾಡುವ ಅವಧಿಯಲ್ಲಂತೂ ಇನ್ನೂ ಬಿಗಿ. ಕೆಲಸದ ಜೊತೆಗೆ ಹೇಗೋ ಮುಗಿಸುತ್ತೇನೆ ಎಂದುಕೊಳ್ಳಬೇಡಿ.

ಅಂಕದ ಲೆಕ್ಕವನ್ನು ಒಮ್ಮೆ ಕಣ್ಣಾರೆ ನೋಡಿ

ಯುಜಿಸಿಯ 2018ರ ನಿಯಮಾವಳಿಯಲ್ಲಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ನಿರ್ಧರಿಸುವ ಒಂದು ಕೋಷ್ಟಕವಿದೆ. ಮೊದಲ ಪದವಿಗೆ ಗರಿಷ್ಠ 21 ಅಂಕ, ಸ್ನಾತಕೋತ್ತರಕ್ಕೆ 25, ಎಂ.ಫಿಲ್.ಗೆ 7, ಪಿಎಚ್.ಡಿ.ಗೆ 25, ಸಂಶೋಧನಾ ಶಿಷ್ಯವೇತನ (ಜೆಆರ್‌ಎಫ್) ಸಹಿತ ನೆಟ್‌ಗೆ 10, ಬರೀ ನೆಟ್‌ಗೆ 8, ಸೆಟ್‌ಗೆ 5. ಪ್ರಕಟವಾದ ಸಂಶೋಧನಾ ಲೇಖನಗಳಿಗೆ 6, ಬೋಧನಾನುಭವಕ್ಕೆ ವರ್ಷಕ್ಕೆ 2ರಂತೆ 10, ಪ್ರಶಸ್ತಿಗಳಿಗೆ 3.

ಎರಡನೇ ಸ್ನಾತಕೋತ್ತರ ಪದವಿಗೆ ಅಲ್ಲಿ ಒಂದು ಸಾಲೂ ಇಲ್ಲ. ಅರ್ಧ ಅಂಕವೂ ಇಲ್ಲ.

ನಾಪೋಕ್ಲಿನ ಹುಡುಗಿಗೆ ಈ ಕೋಷ್ಟಕವನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದಳು. ಎರಡನೇ ಎಂ.ಎ.ಗೆ ಹಾಕುವ ಎರಡು ವರ್ಷವನ್ನು ನೆಟ್‌ಗೆ ಹಾಕಿದರೆ 8, ಅದೇ ಅವಧಿಯಲ್ಲಿ ಎಲ್ಲಾದರೂ ಪಾಠ ಮಾಡಿದರೆ 4. ಲೆಕ್ಕವನ್ನು ಅವಳೇ ಹೇಳಿದಳು, ಎಷ್ಟಾದರೂ ಎಂ.ಕಾಂ. ಓದಿದವಳು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ನೇಮಕಾತಿ ನಡೆಯುವುದು ಸ್ಪರ್ಧಾತ್ಮಕ ಪರೀಕ್ಷೆಯಿಂದ. 2021ರಲ್ಲಿ 1,242 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅರ್ಜಿ ಕರೆದಿತ್ತು. ಅಲ್ಲೂ ಹುದ್ದೆಗಳು ವಿಷಯವಾರು. ಕುಳಿತುಕೊಳ್ಳುವ ಕುರ್ಚಿ ಒಂದೇ.

ಹಾಗಾದರೆ ಎರಡನೆಯದು ಯಾರಿಗೆ?

ನನ್ನ ಅನುಭವದಲ್ಲಿ ನಾಲ್ಕು ಬಗೆಯವರಿಗೆ.

ಅಂಕದ ರಿಯಾಯಿತಿ ಇಲ್ಲದೆ, ಮೊದಲ ಎಂ.ಎ.ಯಲ್ಲಿ ಶೇ 52ಕ್ಕೋ 53ಕ್ಕೋ ನಿಂತವರು ಒಂದು. ಅವರಿಗೆ ಆ ವಿಷಯದ ಬಾಗಿಲು ಮುಚ್ಚಿದಂತೆಯೇ. ಹತ್ತಿರದ ಇನ್ನೊಂದು ವಿಷಯದಲ್ಲಿ ಶೇ 55 ದಾಟಿದರೆ ಹೊಸ ಬಾಗಿಲು ತೆರೆಯುತ್ತದೆ. ಇವರು ಹಿಂದೆಮುಂದೆ ನೋಡುವ ಅಗತ್ಯವೇ ಇಲ್ಲ.

ಎರಡನೆಯವರು ಸಣ್ಣ ಖಾಸಗಿ ಕಾಲೇಜುಗಳಲ್ಲಿ ಇರುವವರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೊಡಗಿಗೆ ಇದೇ ಮುಖ್ಯ. ಸಹಾಯಕ ಪ್ರಾಧ್ಯಾಪಕರ ವಾರದ ಬೋಧನಾ ಕಾರ್ಯಭಾರ 16 ಗಂಟೆ. ನಮ್ಮ ಜಿಲ್ಲೆಯ ಎಷ್ಟೋ ಕಾಲೇಜುಗಳಲ್ಲಿ ಬಿ.ಎ. ತರಗತಿಯ ಬೆಂಚುಗಳು ತುಂಬುವುದಿಲ್ಲ; ಒಂದು ವಿಷಯಕ್ಕೆ ಎಂಟು ಹತ್ತು ಗಂಟೆ ಹುಟ್ಟಿದರೆ ಹೆಚ್ಚು. ಜೂನ್ ತಿಂಗಳಲ್ಲಿ ವೇಳಾಪಟ್ಟಿ ಹಾಕುವಾಗ ಪ್ರಾಂಶುಪಾಲರು ಪೆನ್ಸಿಲ್ ಕಚ್ಚಿಕೊಂಡು ಯೋಚಿಸುವುದು ಇದನ್ನೇ: ಇತಿಹಾಸಕ್ಕೆ ಎಂಟು, ಕನ್ನಡಕ್ಕೆ ಉಳಿದ ಆರು, ಇವೆರಡನ್ನೂ ಒಬ್ಬನಿಗೆ ಕೊಡಬಹುದೇ? ನನಗೆ ಎರಡನೇ ಎಂ.ಎ. ಫಲ ಕೊಟ್ಟದ್ದು ಅಂಥದೊಂದು ವೇಳಾಪಟ್ಟಿಯ ಕೊನೆಯ ಸಾಲಿನಲ್ಲಿ. ನೇಮಕಾತಿ ಪತ್ರದಲ್ಲಿ ಅದರ ಸುದ್ದಿ ಇರಲಿಲ್ಲ, ಆದರೆ ಮಾರ್ಚ್‌ನಲ್ಲಿ ‘ಕಾರ್ಯಭಾರ ಇಲ್ಲ’ ಎಂದು ಕೈಬಿಟ್ಟವರ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ.

ಮೂರನೆಯವರು, ಮೊದಲ ವಿಷಯದಲ್ಲಿ ಹುದ್ದೆಗಳೇ ಅಪರೂಪವಾಗಿರುವವರು. ಪುರಾತತ್ವ, ಭಾಷಾವಿಜ್ಞಾನ, ಜಾನಪದ, ಸಾರ್ವಜನಿಕ ಆಡಳಿತ ಓದಿದವರು ಇತಿಹಾಸ, ಕನ್ನಡ, ರಾಜ್ಯಶಾಸ್ತ್ರದಂಥ ಎಲ್ಲ ಕಾಲೇಜಿನಲ್ಲೂ ಇರುವ ವಿಷಯವನ್ನು ಜೊತೆಗೆ ಇಟ್ಟುಕೊಳ್ಳುವುದು ಜಾಣತನ.

ನಾಲ್ಕನೆಯವರ ಬಗ್ಗೆ ಪಿಎಚ್.ಡಿ. ಮಾತು ಬಂದಾಗ ಹೇಳುತ್ತೇನೆ.

ಈ ನಾಲ್ಕರಲ್ಲಿ ನೀವು ಯಾವುದರಲ್ಲೂ ಇಲ್ಲವಾದರೆ, ಒಂದೇ ವಿಷಯವನ್ನು ಗಟ್ಟಿಯಾಗಿ ಹಿಡಿಯಿರಿ.

ಜೋಡಿ ಹೊಂದಿಸುವುದು

ವಿಷಯ ಆರಿಸುವಾಗ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ: ನಿಮ್ಮ ಮೊದಲ ಪದವಿಯ ಅಂಕಪಟ್ಟಿ, ನೆಟ್ ವಿಷಯಗಳ ಪಟ್ಟಿ, ನೀವು ಕೆಲಸ ಮಾಡಬಯಸುವ ನಾಲ್ಕೈದು ಕಾಲೇಜುಗಳಲ್ಲಿ ಇರುವ ವಿಷಯಗಳ ಪಟ್ಟಿ. ಮೂರರಲ್ಲೂ ಸಿಗುವ ವಿಷಯವೇ ನಿಮ್ಮ ಎರಡನೆಯದು.

ಅಂಕಪಟ್ಟಿ ಏಕೆಂದರೆ, ಬಹುಪಾಲು ವಿಶ್ವವಿದ್ಯಾಲಯಗಳು ಪದವಿಯಲ್ಲಿ ಆ ವಿಷಯ ಓದಿರಬೇಕೆಂದು ಕೇಳುತ್ತವೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂದು ಮೂರು ಐಚ್ಛಿಕ ವಿಷಯಗಳ ಬಿ.ಎ. ಮಾಡಿದ ಹಳಬರಿಗೆ ಇದು ವರ. ಮೂರರಲ್ಲಿ ಯಾವ ಎರಡಕ್ಕಾದರೂ ಹೋಗಬಹುದು. ರಾಜ್ಯದಲ್ಲಿ 2024-25ರಿಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದ್ಧತಿಗೆ ಮರಳಿದ್ದಾರೆ. ನಾಲ್ಕು ವರ್ಷದ ಪದ್ಧತಿ ಇದ್ದಾಗ ಓದಿದವರು ತಮ್ಮ ಅಂಕಪಟ್ಟಿಯಲ್ಲಿ ಎರಡನೇ ವಿಷಯ ಎಷ್ಟು ಸೆಮಿಸ್ಟರ್ ಇದೆ ಎಂದು ಎಣಿಸಿಯೇ ಅರ್ಜಿ ಹಾಕಬೇಕು.

ನೆಟ್ ಪಟ್ಟಿ ಏಕೆಂದರೆ, ಪಟ್ಟಿಯಲ್ಲಿಲ್ಲದ ವಿಷಯದಲ್ಲಿ ಎಂ.ಎ. ಮಾಡಿ ಆಮೇಲೆ ಕಕ್ಕಾಬಿಕ್ಕಿಯಾದವರನ್ನು ಕಂಡಿದ್ದೇನೆ. ಪ್ರವಾಸೋದ್ಯಮ ಆಡಳಿತ, ಸಮಾಜಕಾರ್ಯ, ಪರಿಸರ ವಿಜ್ಞಾನ, ಮಾನವಶಾಸ್ತ್ರ ಇವೆಲ್ಲ ಅಲ್ಲಿವೆ. ಭೌತ, ರಸಾಯನ, ಗಣಿತ, ಜೀವವಿಜ್ಞಾನದವರ ದಾರಿ ಬೇರೆ, ಅವರು ವಿಜ್ಞಾನ ವಿಷಯಗಳಿಗೆಂದೇ ಇರುವ ಸಿಎಸ್‌ಐಆರ್-ಯುಜಿಸಿ ನೆಟ್ ಕಡೆಗೆ ಹೋಗಬೇಕು. ಸಸ್ಯಶಾಸ್ತ್ರದ ಜೊತೆ ಪರಿಸರ ವಿಜ್ಞಾನ ಇಟ್ಟುಕೊಂಡವರಿಗೆ ಎರಡೂ ಪರೀಕ್ಷೆಗಳು ತೆರೆದಿರುತ್ತವೆ.

ಪದವಿ ಯಾವುದಾದರೇನು, ನೆಟ್ ಯಾವುದರಲ್ಲಿ ಪಾಸಾಗುತ್ತೀರೋ ಅದನ್ನು ಬೋಧಿಸಬಹುದು ಎಂಬ ಪ್ರಸ್ತಾವ 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡಿನಲ್ಲಿ ಬಂದಿತ್ತು. ಕರಡು ನಂಬಿ ವಿಷಯ ಆರಿಸಬೇಡಿ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವೇ ನಿಮ್ಮ ನಿಯಮ.

ಒಟ್ಟಿಗೋ, ಒಂದಾದ ಮೇಲೊಂದೋ?

2022ರ ಏಪ್ರಿಲ್‌ನಿಂದ ಎರಡು ಪದವಿಗಳನ್ನು ಒಟ್ಟಿಗೆ ಮಾಡಲು ಯುಜಿಸಿ ಅವಕಾಶ ಕೊಟ್ಟಿದೆ. ಎರಡೂ ತರಗತಿಗೆ ಹೋಗಿ ಓದುವಂಥವಾದರೆ ಅವುಗಳ ವೇಳೆ ಒಂದರ ಮೇಲೊಂದು ಬೀಳಬಾರದು. ಒಂದನ್ನು ತರಗತಿಯಲ್ಲಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಮಾಡಬಹುದು. ಎರಡನ್ನೂ ದೂರಶಿಕ್ಷಣದಲ್ಲೇ ಮಾಡಲೂಬಹುದು. ಪಿಎಚ್.ಡಿ.ಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

ಕಾಗದದ ಮೇಲೆ ಇದು ಸಲೀಸು. ಕೊಡಗಿನಲ್ಲಿ ಎರಡು ಕಡೆ ತರಗತಿಗೆ ಹೋಗುವ ಮಾತನ್ನು ಮರೆತುಬಿಡಿ. ರೈಲಿಲ್ಲದ ಜಿಲ್ಲೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಅದಕ್ಕಿಂತಲೂ ದೂರ. ನಿಮಗೆ ಒಪ್ಪುವುದು ಒಂದು ತರಗತಿಯಲ್ಲಿ, ಒಂದು ದೂರಶಿಕ್ಷಣದಲ್ಲಿ. ಹೆಚ್ಚು ಓದಲು, ಹೆಚ್ಚು ಜನರನ್ನು ಕೇಳಲು ಬೇಕಾದ ವಿಷಯವನ್ನು ತರಗತಿಗೆ ಇಡಿ. ಪುಸ್ತಕ ಹಿಡಿದು ಒಬ್ಬರೇ ಸಾಗಬಲ್ಲ ವಿಷಯವನ್ನು ದೂರಶಿಕ್ಷಣಕ್ಕೆ ಬಿಡಿ. ಚಿಕ್ಕ ಅಳುವಾರದಲ್ಲಿ ಮೊದಲು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಕುಶಾಲನಗರ, ಸೋಮವಾರಪೇಟೆ ಕಡೆಯವರಿಗೆ ಮನೆಯಿಂದಲೇ ಹೋಗಿ ಬರುವಷ್ಟು ಹತ್ತಿರ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ವಿಲೀನಗೊಳಿಸುವ ಮಾತು 2025ರ ಆರಂಭದಲ್ಲಿ ಎದ್ದಿತ್ತು. ಆದ್ದರಿಂದ ಎಲ್ಲೇ ಸೇರಿದರೂ ನಿಮ್ಮ ವರ್ಷದ ಪಠ್ಯಕ್ರಮ ಮತ್ತು ಪ್ರವೇಶ ಅಧಿಸೂಚನೆಯ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.

ದೂರಶಿಕ್ಷಣದಲ್ಲಿ ನೋಡಬೇಕಾದದ್ದು ಮಾನ್ಯತೆ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆ ಎಂದರೆ ಸಾಲದು, ಆ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಪಟ್ಟಿಯಲ್ಲಿ ಹೆಸರಿರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಐದು ವರ್ಷ ಮಾನ್ಯತೆ ಇರಲಿಲ್ಲ, 2018-19ರಲ್ಲಿ ಮರಳಿ ಸಿಕ್ಕಿತು. ನಡುವೆ ಸಿಕ್ಕಿಬಿದ್ದವರ ಅಲೆದಾಟ ನೆನಪಿರುವವರಿಗೆ ಈ ಎಚ್ಚರಿಕೆ ಅತಿಯೆನ್ನಿಸದು. ಪ್ರವೇಶ ಪಡೆದ ದಿನವೇ ಆ ಪಟ್ಟಿಯ ಪುಟವನ್ನು ಮುದ್ರಿಸಿ ಫೈಲಿಗೆ ಸೇರಿಸಿ.

ಇನ್ನೊಂದು ತೊಡಕು ಟಿ.ಸಿ. ಮತ್ತು ವಲಸೆ ಪ್ರಮಾಣಪತ್ರದ್ದು. ಎರಡೂ ಕಡೆ ಮೂಲ ಪ್ರತಿಯನ್ನೇ ಕೇಳಿದರೆ? ನನ್ನದು ಒಂದು ಕಚೇರಿಯ ಕಪಾಟಿನಲ್ಲಿ ಸೇರಿ ಏಳು ತಿಂಗಳು ಹೊರಬರಲಿಲ್ಲ. ನಾಲ್ಕನೇ ಸಲ ಹೋದಾಗ ಗುಮಾಸ್ತರು, “ನಿಮ್ಮದು ಕೊಡಗೋ? ಅಲ್ಲಿಂದ ಇದಕ್ಕೇ ಬಂದಿರಾ?” ಎಂದು ಕನಿಕರಪಟ್ಟರು. ಕಾಗದ ಮಾತ್ರ ಐದನೇ ಸಲಕ್ಕೆ ಸಿಕ್ಕಿತು. ಮೂಲ ಪ್ರತಿ ಕೊಡುವ ಮೊದಲು ದೃಢೀಕರಿಸಿದ ನಾಲ್ಕು ಪ್ರತಿ ಮಾಡಿಸಿಡಿ, ಸಲ್ಲಿಸಿದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ಇನ್ನೊಂದು ಪದವಿ ನಡೆಯುತ್ತಿದೆ ಎಂಬುದನ್ನು ಅರ್ಜಿಯಲ್ಲೇ ಬರೆಯಿರಿ. ಮುಚ್ಚಿಟ್ಟರೆ ಮುಂದೆ ದಾಖಲೆ ಪರಿಶೀಲನೆಯಲ್ಲಿ ಒಂದೇ ವರ್ಷದ ಎರಡು ಅಂಕಪಟ್ಟಿ ಕಂಡು ಹುಬ್ಬೇರಿಸುತ್ತಾರೆ.

ನನ್ನ ಸಲಹೆ ಕೇಳಿದರೆ, ಒಟ್ಟಿಗೆ ಬೇಡ. ಒಂದನ್ನು ಮುಗಿಸಿ, ಅದರಲ್ಲಿ ನೆಟ್ ಪಾಸಾಗಿ, ಆಮೇಲೆ ಇನ್ನೊಂದು.

ನೆಟ್: ಒಂದು ಕಲ್ಲಿಗೆ ಎರಡು ಹಣ್ಣು

ಪರೀಕ್ಷೆ ಮೂರು ಗಂಟೆಯದು. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ, ಎಲ್ಲ ವಿಷಯದವರಿಗೂ ಒಂದೇ. ಎರಡನೆಯದು ನಿಮ್ಮ ವಿಷಯದ್ದು, 100 ಪ್ರಶ್ನೆ, 200 ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದೂ ಬಿಡದೆ ಉತ್ತರಿಸಿ. ಎರಡು ಪತ್ರಿಕೆಗಳನ್ನೂ ಬರೆದವರಲ್ಲಿ ಶೇ 6ರಷ್ಟು ಮಂದಿಯನ್ನು ಮಾತ್ರ ಅರ್ಹರೆಂದು ಘೋಷಿಸುತ್ತಾರೆ.

ಎರಡು ವಿಷಯದವರಿಗೆ ಇರುವ ಒಂದೇ ಅನುಕೂಲ ಈ ಮೊದಲ ಪತ್ರಿಕೆ. ಬೋಧನೆ, ಸಂಶೋಧನೆ, ತರ್ಕ, ದತ್ತಾಂಶ ವಿಶ್ಲೇಷಣೆ: ಒಮ್ಮೆ ಸರಿಯಾಗಿ ಕಲಿತರೆ ಎರಡು ವಿಷಯದ ನೆಟ್‌ಗೂ, ಕೆ-ಸೆಟ್‌ಗೂ ಆಗುತ್ತದೆ. ನಾನು ಮೂರು ಸಲ ಸೋತದ್ದು ಇತಿಹಾಸದಲ್ಲಿ ಅಲ್ಲ, ಈ ಪತ್ರಿಕೆಯನ್ನು ಸಸಾರ ಮಾಡಿದ್ದರಿಂದ. ಕಲಾ ವಿಭಾಗದವರಿಗೆ ಶೇಕಡಾವಾರು ಲೆಕ್ಕ ಎಂದರೆ ಎದೆ ಡವಗುಟ್ಟುತ್ತದೆ. ಎಂಟನೇ ತರಗತಿಯ ಗಣಿತ ಪುಸ್ತಕ ಹಿಡಿದು ಒಂದು ತಿಂಗಳು ಕುಳಿತರೆ ಸಾಕು. ನಾನು ಅಕ್ಕನ ಮಗನ ಪುಸ್ತಕ ಕದ್ದು ಓದಿದೆ.

ಒಂದು ಸುತ್ತಿನಲ್ಲಿ ಒಂದೇ ವಿಷಯಕ್ಕೆ ಬರೆಯಲು ಸಾಧ್ಯ. ನೆಟ್ ಜೂನ್ ಮತ್ತು ಡಿಸೆಂಬರ್ ಸುತ್ತಿನಲ್ಲಿ ನಡೆಯುತ್ತದೆ. ಕೆ-ಸೆಟ್ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ, ಆ ಅರ್ಹತೆ ನಮ್ಮ ರಾಜ್ಯಕ್ಕೆ ಸೀಮಿತ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿಯಿಲ್ಲ. ಜೆಆರ್‌ಎಫ್‌ಗೆ 30 ವರ್ಷದ ಮಿತಿ. ಮಹಿಳೆಯರಿಗೂ ಮೀಸಲು ವರ್ಗದವರಿಗೂ ಐದು ವರ್ಷ ಸಡಿಲಿಕೆ. ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಎರಡನೇ ಎಂ.ಎ.ಗೆ ಹೋಗಿ ಈ ವಯಸ್ಸನ್ನು ದಾಟಿಸಿಕೊಳ್ಳುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ನಮ್ಮ ಪಂಚಾಂಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಿಸೆಂಬರ್ ಸುತ್ತಿನ ತಯಾರಿಯ ಹೊತ್ತಿಗೆ ಪುತ್ತರಿ ಹಬ್ಬ ಮುಗಿದು ಕಾಫಿ ಕೊಯ್ಲು ಶುರುವಾಗಿರುತ್ತದೆ. ಕಣದಲ್ಲಿ ಹರಡಿದ ಕಾಫಿ ಬಿಟ್ಟು ಪುಸ್ತಕ ಹಿಡಿದರೆ ಮನೆಯಲ್ಲಿ ಯಾರು ಸುಮ್ಮನಿರುತ್ತಾರೆ? ಜೂನ್ ಸುತ್ತಿಗೆ ಓದುವವರಿಗೆ ಏಪ್ರಿಲ್, ಮೇ ಬಿಡುವು ಇರುತ್ತದೆ, ಆದರೆ ಮಳೆ ಹಿಡಿದ ಮೇಲೆ ಕರೆಂಟು ಇರುವುದಿಲ್ಲ. ನಾನು ಬರೆದಾಗೆಲ್ಲ ಪರೀಕ್ಷಾ ಕೇಂದ್ರ ಮೈಸೂರು ಇಲ್ಲವೇ ಮಂಗಳೂರು. ಮಳೆಗಾಲವಾದರೆ ಮೈಸೂರನ್ನೇ ಮೊದಲ ಆಯ್ಕೆಯಾಗಿ ಹಾಕಿ, ಮಂಗಳೂರು ದಾರಿಯ ಸಂಪಾಜೆ ಘಾಟಿಯನ್ನು ನಂಬಬೇಡಿ, ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ.

ಹೊಟ್ಟೆಪಾಡಿನ ವರ್ಷಗಳು

ನೆಟ್ ಆಗುವವರೆಗೆ ಏನು ಮಾಡುವುದು? ಹೆಚ್ಚಿನವರು ಅತಿಥಿ ಉಪನ್ಯಾಸಕರಾಗುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯ ಪರಿಷ್ಕರಣೆಯಲ್ಲಿ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 30,000ದಿಂದ 32,000, ಇಲ್ಲದವರಿಗೆ 26,000ದಿಂದ 28,000 ರೂಪಾಯಿ ಎಂದು ನಿಗದಿಯಾಯಿತು. ಆಮೇಲಿನ ಏರಿಕೆಗಳು, ಷರತ್ತುಗಳು ಆಯಾ ವರ್ಷದ ಆದೇಶದಲ್ಲಿರುತ್ತವೆ. ಕಾಯಂ ಸಹಾಯಕ ಪ್ರಾಧ್ಯಾಪಕರ ಯುಜಿಸಿ ಆರಂಭಿಕ ಮೂಲವೇತನ 57,700. ಈ ಎರಡರ ನಡುವಿನ ಅಂತರವನ್ನು ದಾಟಿಸುವುದು ನೆಟ್, ಎರಡನೇ ಎಂ.ಎ. ಅಲ್ಲ. ಅತಿಥಿಯಾಗಿ ದುಡಿದ ಪ್ರತಿ ವರ್ಷಕ್ಕೂ ಪ್ರಾಂಶುಪಾಲರ ಸಹಿಯ ಸೇವಾ ಪ್ರಮಾಣಪತ್ರವನ್ನು ಆ ವರ್ಷವೇ ಪಡೆಯಿರಿ. ಪ್ರಾಂಶುಪಾಲರು ವರ್ಗವಾಗಿ ಹೋದ ಮೇಲೆ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಎರಡು ಹೊಳೆ ಸೇರುವಲ್ಲಿ ಪಿಎಚ್.ಡಿ.

ನಾಲ್ಕನೇ ಬಗೆಯವರು ಎಂದೆನಲ್ಲ, ಅವರು ಇವರೇ: ಸಂಶೋಧನೆಯ ಪ್ರಶ್ನೆಯೇ ಎರಡು ವಿಷಯ ಬೇಡುವಂಥವರು. ಕೊಡಗಿನಲ್ಲಿ ಇಂಥ ಪ್ರಶ್ನೆಗಳು ಕಾಲಿಗೆ ತೊಡರುತ್ತವೆ. ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವನ್ನು ಬರೀ ಸಸ್ಯಶಾಸ್ತ್ರದವರು ನೋಡಿದರೆ ಮರಗಳು ಕಾಣುತ್ತವೆ, ಬರೀ ಸಮಾಜಶಾಸ್ತ್ರದವರು ನೋಡಿದರೆ ಊರಿನ ಹಬ್ಬ ಕಾಣುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ದಾಖಲೆ ಓದಲು ಇತಿಹಾಸವೂ ಬೇಕು, ಕಾನೂನೂ ಬೇಕು. ಕಾಫಿ ಮಂಡಳಿಯೇ ಎಲ್ಲ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಪದ್ಧತಿ 1990ರ ದಶಕದಲ್ಲಿ ಹೋದ ಮೇಲೆ ಸಣ್ಣ ಬೆಳೆಗಾರನ ಮನೆಯ ಲೆಕ್ಕ ಹೇಗೆ ಬದಲಾಯಿತು ಎಂಬುದು ವಾಣಿಜ್ಯಶಾಸ್ತ್ರದ್ದೋ ಅರ್ಥಶಾಸ್ತ್ರದ್ದೋ? ಯರವ, ಕುರುಬ ಬುಡಕಟ್ಟುಗಳ ಹಾಡಿಗಳ ಮಾತಿನ ಬಗ್ಗೆ ಭಾಷಾವಿಜ್ಞಾನ, ಮಾನವಶಾಸ್ತ್ರ ಎರಡೂ ಗೊತ್ತಿರುವವರು ಬೆರಳೆಣಿಕೆಯಷ್ಟು.

ಆದರೂ ನೋಂದಣಿ ಒಂದೇ ವಿಭಾಗದಲ್ಲಿ. ಅದು ನಿಮ್ಮ ನೆಟ್ ಯಾವ ವಿಷಯದಲ್ಲಿದೆಯೋ ಆ ವಿಭಾಗವಾಗಿರಲಿ. ಎರಡನೇ ವಿಷಯ ಪ್ರಬಂಧದೊಳಗೆ ಕೆಲಸ ಮಾಡಲಿ. ಇತಿಹಾಸದಲ್ಲಿ ನೆಟ್, ಕನ್ನಡದಲ್ಲಿ ಪಿಎಚ್.ಡಿ. ಎಂದಾದರೆ ಸಂದರ್ಶನದಲ್ಲಿ ‘ನೀವು ಯಾರ ಪೈಕಿ?’ ಎಂಬ ಪ್ರಶ್ನೆ ಖಂಡಿತ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ದೂರಶಿಕ್ಷಣದಲ್ಲಿ ಸಲ್ಲದು, ಆದರೆ ಅರೆಕಾಲಿಕವಾಗಿ ಮಾಡಬಹುದು. ಅದಕ್ಕೆ ನೀವು ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಮಾರ್ಗದರ್ಶಕರನ್ನು ಹೆಸರು ನೋಡಿ ಆರಿಸಬೇಡಿ. ಅವರ ಹಿಂದಿನ ವಿದ್ಯಾರ್ಥಿಯೊಬ್ಬರನ್ನು ಹುಡುಕಿ, ಒಂದು ಅಧ್ಯಾಯ ಓದಿ ಹಿಂತಿರುಗಿಸಲು ಅವರು ಎಷ್ಟು ತಿಂಗಳು ತೆಗೆದುಕೊಂಡರು ಎಂದು ಕೇಳಿ.

ಸಂದರ್ಶನದ ಮೇಜಿನಲ್ಲಿ

ಎರಡು ಪದವಿ ತೋರಿಸುವುದರಲ್ಲೂ ಒಂದು ರೀತಿಯಿದೆ. ಅರ್ಜಿಯ ಮೇಲ್ಭಾಗದಲ್ಲಿ ಹುದ್ದೆಯ ವಿಷಯ, ಅದರ ನೆಟ್. ಎರಡನೆಯದು ಕೆಳಗೆ, ಒಂದು ಸಾಲು. ನಾನು ಮೊದಲ ಸಂದರ್ಶನದಲ್ಲಿ ಎರಡನ್ನೂ ಹೆಮ್ಮೆಯಿಂದ ಹೇಳಿದೆ. ಹಿರಿಯರೊಬ್ಬರು ಕನ್ನಡಕ ಇಳಿಸಿ, “ಹಾಗಾದರೆ ಇತಿಹಾಸ ಬೇಸರವಾಯಿತೇ?” ಎಂದರು. ಉತ್ತರ ಬಾಯಿಗೆ ಬರಲಿಲ್ಲ. ಆಮೇಲಿನ ಸಂದರ್ಶನಗಳಿಗೆ ಒಂದು ಮಾದರಿ ಪಾಠ ಸಿದ್ಧಮಾಡಿಕೊಂಡು ಹೋದೆ: 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ್ದನ್ನು ಕನ್ನಡದ ಲಾವಣಿ, ಕಾಗದಪತ್ರಗಳ ಭಾಷೆಯ ಮೂಲಕ ಕಲಿಸುವ ಪಾಠ. ಎರಡನೇ ಎಂ.ಎ. ಏಕೆ ಎಂದು ಅಲ್ಲಿಂದೀಚೆಗೆ ಯಾರೂ ಕೇಳಿಲ್ಲ.

ಕೊನೆಗೆ ಫೈಲಿನ ವಿಚಾರ

ಬೇರೆ ಜಿಲ್ಲೆಯವರಿಗೆ ಹೇಳಬೇಕಿಲ್ಲದ, ನಮ್ಮವರಿಗೆ ಹೇಳಲೇಬೇಕಾದ ಮಾತು: ಬೂಷ್ಟು. ನಾಲ್ಕು ತಿಂಗಳ ಶೀತದಲ್ಲಿ ಕಪಾಟಿನಲ್ಲಿಟ್ಟ ಪ್ರಮಾಣಪತ್ರ ಬೂಷ್ಟು ಹಿಡಿದುಹೋಗುತ್ತದೆ. ಹೆದರಿ ಲ್ಯಾಮಿನೇಟ್ ಮಾಡಿಸಬೇಡಿ. ಹಿಂಬದಿಯಲ್ಲಿ ಮೊಹರು ಹಾಕಬೇಕಾಗಿ ಬಂದರೆ ಕಷ್ಟ. ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ, ಔಷಧಿ ಬಾಟಲಿಗಳಲ್ಲಿ ಬರುತ್ತದಲ್ಲ, ತೇವ ಹೀರುವ ಆ ಸಣ್ಣ ಪೊಟ್ಟಣಗಳ ಜೊತೆ ಇಡಿ. ಪ್ರತಿಯೊಂದರ ಸ್ಕ್ಯಾನ್ ಪ್ರತಿ ಮಿಂಚಂಚೆಯಲ್ಲಿರಲಿ. ಮೊದಲ ಪದವಿ, ಎರಡು ಸ್ನಾತಕೋತ್ತರ, ಅವುಗಳ ಸೆಮಿಸ್ಟರ್ ಅಂಕಪಟ್ಟಿ, ಘಟಿಕೋತ್ಸವ ಪತ್ರ, ವಲಸೆ ಪತ್ರ, ನೆಟ್, ಸೇವಾ ಪತ್ರಗಳು ಎಂದು ಎಣಿಸಿದರೆ ಮೂವತ್ತು ಹಾಳೆ ದಾಟುತ್ತದೆ.

ನಾಪೋಕ್ಲಿನ ಹುಡುಗಿ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಫೋನ್ ಮಾಡಿದಳು. ಎಂ.ಎ.ಗೆ ಇನ್ನೂ ಸೇರಿಲ್ಲ, ವಾಣಿಜ್ಯಶಾಸ್ತ್ರದಲ್ಲಿ ಡಿಸೆಂಬರ್ ಸುತ್ತಿನ ನೆಟ್ ಬರೆಯುತ್ತಾಳಂತೆ. ಅವಳ ಪ್ರಶ್ನೆ ಮೊದಲ ಪತ್ರಿಕೆಯ ತರ್ಕದ ಭಾಗದ ಬಗ್ಗೆ. ನಾನು ಉತ್ತರ ಹುಡುಕಲು ನನ್ನ ಹಳೆಯ ಫೈಲು ತೆಗೆದೆ. ಇತಿಹಾಸ ಎಂ.ಎ.ಯ ಅಂಕಪಟ್ಟಿಯ ಎಡ ಮೂಲೆಯಲ್ಲಿ 2018ರ ಆಗಸ್ಟ್‌ನ ಮಳೆ ಬಿಟ್ಟುಹೋದ ಬೂದು ಕಲೆ ಹಾಗೇ ಇದೆ, ಕುಲಸಚಿವರ ಸಹಿಗೆ ಅರ್ಧ ಅಂಗುಲ ದೂರದಲ್ಲಿ.